ಬಾವಿ ಹತ್ರ ಹೊಡೀತಿದಾರೆ

ಪತ್ರಿಕೆ ಆಫೀಸಿನಿಂದ ಮನೆಗೆ ಬರೋ ದಾರೀಲಿ ಒಂದು ಹಾಳು ಬಾವಿ ಇತ್ತು. ಪಕ್ಕದಲ್ಲೇ ಆಲದ ಮರ. ಬಾವಿ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಗುಬ್ಬಿ ಕೆಲಸಕ್ಕೆ ಸೇರಿದ ಮೊದಲನೇ ರಾತ್ರಿ ಅಲ್ಲಿಗೆ ಬಂದ ಕೂಡಲೇ ಜೊತೇಲಿದ್ದ ಅವಳ ಚಿಕ್ಕಪ್ಪನ ಮಾತು ನಿಂತುಹೋಯಿತು...

ಇದರಲ್ಲೇನು ದೊಡ್ಡ ವಿಷಯ ಅಂತೀರಿ. ಆ ಚಿಕ್ಕಪ್ಪನನ್ನ ನೀವು ನೋಡಿಲ್ಲ, ಅದಕ್ಕೆ. ಫ್ಯಾನು, ಮೋಟಾರು ರಿಪೇರಿ ಮಾಡೋ ಆಸಾಮಿ. ಕೆಟ್ಟ ಮೋಟಾರು ಕೂಡ ಅವನ ಮಾತು ತಾಳಲಾರದೆ ತಿರುಗೋಕೆ ಶುರು ಮಾಡುತ್ತೆ ಅಂತ ನಮ್ಮ ದೊಡ್ಡಮ್ಮ ರೇಗಿಸೋರು. ಅಂಥವನು ಬಾವಿ ಕಂಡದ್ದೇ ತುಟಿ ಹೊಲಿದುಕೊಂಡ. ರಸ್ತೆಯ ಆಚೆ ಮಗ್ಗುಲಿಗೆ ಸರಿದು, ತಲೆ ತಗ್ಗಿಸಿ, ಬಿರಬಿರನೆ ನಡೆದ.

ನಾನು ಹೇಳ್ತಿರೋದು ನಮ್ಮ ದೊಡ್ಡಮ್ಮನ ಮಗಳ ವಿಷಯ. ಮನೇಲಿ ಎಲ್ಲರೂ ಅವಳನ್ನ ಗುಬ್ಬಿ ಅಂತಾರೆ. ಕಾಲೇಜಿಗೆ ಬೇಸಿಗೆ ರಜೆ, ಮನೆಗೆ ಬಂದಿದ್ದಳು. ಸುಮ್ಮನೆ ಕೂರೋ ಪೈಕಿ ಅಲ್ಲ. ಊರಿನ ಪತ್ರಿಕೇಲಿ ರಾತ್ರಿ ಪಾಳಿ ಕೆಲಸ ಹಿಡಿದಳು. ಅಚ್ಚಿಗೆ ಹೋಗೋ ಮುಂಚೆ ಕರಡು ತಿದ್ದಬೇಕು. ಪೊಲೀಸ್ ಠಾಣೆಗೆ, ಆಸ್ಪತ್ರೆಗೆ ಫೋನ್ ಮಾಡಿ ಇವತ್ತು ಏನಾದ್ರೂ ಇದೆಯಾ ಅಂತ ಕೇಳಬೇಕು. ಏನಾದ್ರೂ ಅಂದರೆ ಸಾವು, ಕಳವು, ಅಪಘಾತ. ದೊಡ್ಡಪ್ಪ ಸುತರಾಂ ಒಪ್ಪಿರಲಿಲ್ಲ. ಒಪ್ಪಿಸಿದ್ದು ಅವರ ತಮ್ಮ, ಇದೇ ಚಿಕ್ಕಪ್ಪ. ದಿನಾ ರಾತ್ರಿ ನಾನೇ ಹೋಗಿ ಕರಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದ್ದ. ಮದುವೆ ಮಕ್ಕಳು ಇಲ್ಲದ ಮನುಷ್ಯ. ಗುಬ್ಬಿ ಅಂದರೆ ಅವನಿಗೆ ಪ್ರಾಣ.

ಹಾಗೆ ಕೆಲವು ದಿನ ಕಳೀತು. ಒಂದು ರಾತ್ರಿ ಆಫೀಸಿನ ಫೋನು ಬಡಕೊಂಡಿತು. ಕೆಳಗಡೆ ಮುದ್ರಣ ಯಂತ್ರ ಇನ್ನೂ ಶುರುವಾಗಿರಲಿಲ್ಲ. ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಹಾಳೆಗಳು ಪಟಪಟ ಅಂತಿದ್ದವು, ಅಷ್ಟೇ. ಗುಬ್ಬಿ ಎತ್ತಿಕೊಂಡಳು.

"ಬರ್ಕೊಳ್ಳಿ..." ಗಂಡಸಿನ ದನಿ. ಬಾಯ್ತುಂಬ ನೀರು ಇಟ್ಟುಕೊಂಡು ಮಾತಾಡಿದ ಹಾಗೆ. "ಬಾವಿ ಹತ್ರ ಹೊಡೀತಿದಾರೆ."

ಯಾರನ್ನ ಅಂತ ಕೇಳಿದಳು.

"ನನ್ನ."

ಆಮೇಲೆ ಕೇಳಿಸಿತು. ಒದ್ದೆ ಬಟ್ಟೇನ ಕಲ್ಲಿಗೆ ಕುಕ್ಕಿದ ಹಾಗೆ... ದಪ್. ದಪ್. ನಡುವೆ ಒಣ ಸೌದೆ ಮುರಿದ ಹಾಗೆ... ಲಟಕ್. ಆ ಮನುಷ್ಯ ಕೂಗಿಕೊಳ್ಳಲಿಲ್ಲ. ಏಟಿಗೊಂದು ಸಲ "ನಾನಲ್ಲ" ಅಂತಿದ್ದ. ನಾನಲ್ಲ... ನಾನಲ್ಲ... ಕೊನೆಗೆ ಬರೀ "ನಾ..." ಅನ್ನೋದು, ಆಮೇಲೆ ಗೊರಗೊರ. ಫೋನು ಕಟ್ಟಾಯಿತು.

ಗುಬ್ಬಿ ಠಾಣೆಗೆ ಫೋನ್ ಮಾಡಿದಳು. ಪೊಲೀಸರು ಜೀಪಿನಲ್ಲಿ ಹೋಗಿ ನೋಡಿದರು. ನರಪಿಳ್ಳೆ ಇಲ್ಲ. ನಿದ್ದೆಗಣ್ಣಲ್ಲಿ ಏನೇನೋ ಕೇಳಿಸಿಕೊಳ್ಳಬೇಡಿ ಅಂತ ಉಗಿದು ಫೋನಿಟ್ಟರು. ಮಾರನೇ ರಾತ್ರಿ ಮತ್ತೆ ಅದೇ ದನಿ. ಅವೇ ಏಟು.

ಈ ಸಲ ಅವಳು ರಾತ್ರಿ ಪಾಳಿಯ ಉಪಸಂಪಾದಕರಿಗೆ ಹೇಳಿದಳು. ಅವರ ಕನ್ನಡಕದ ಗಾಜು ಅಷ್ಟು ದಪ್ಪ, ಆಫೀಸಿನವರೆಲ್ಲ ಬೆನ್ನ ಹಿಂದೆ ಸೋಡಾಬುಡ್ಡಿ ಅಂತಿದ್ದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ದನಿ ನಾನೂ ಒಂದು ಸಲ ಕೇಳಿದ್ದೀನಮ್ಮ, ಆಮೇಲೆ ಆ ಫೋನು ಮುಟ್ಟೋದೇ ಬಿಟ್ಟೆ ಅಂದರು. ನಿಧಾನಕ್ಕೆ ಹೇಳಿದರು. ಎಷ್ಟೋ ವರ್ಷದ ಹಿಂದೆ ಒಂದು ಬೇಸಿಗೇಲಿ ಪುಟ್ಟ ಹೆಣ್ಣುಮಗು ಕಾಣೆಯಾಗಿತ್ತು. ಹಿಂದಿನ ದಿನ ಯಾರೋ ಪರಊರಿನವನು, ಚಾಕು ಕತ್ತರಿ ಸಾಣೆ ಹಿಡಿಯೋನು, ಆ ಮಗುವನ್ನ ಮಾತಾಡಿಸಿದ್ದನಂತೆ. ಅಷ್ಟೇ ಸಾಕಾಯಿತು. ಬೀದಿಗೆ ಬೀದಿಯೇ ಅವನನ್ನ ಬಾವಿ ಹತ್ರ ಹಿಡಿದು ಹೊಡೆದು ಸಾಯಿಸಿತು. ಕೇಸು ಯಾರ ಮೇಲೂ ನಿಲ್ಲಲಿಲ್ಲ. ಪತ್ರಿಕೇಲಿ 'ಅಪರಿಚಿತ ವ್ಯಕ್ತಿಯ ಶವ ಪತ್ತೆ' ಅಂತ ಬಂತು, ಅಷ್ಟೇ.

ಮಗು ಏನಾಯಿತು ಅಂತ ಗುಬ್ಬಿ ಕೇಳಿದಳು.

"ಮನೇಲೇ ಇತ್ತಮ್ಮ. ಮಂಚದ ಕೆಳಗೆ, ಹಾಸಿಗೆ ಸುರುಳಿ ಹಿಂದೆ ಮಲಗಿ ನಿದ್ದೆ ಹೋಗಿತ್ತು."

ಯಾರ ಮನೆ ಮಗು ಅಂತ ಅವರು ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಕರಡಿನ ಕಡೆ ತಿರುಗಿಬಿಟ್ಟರು.

ಆ ರಾತ್ರಿ ಮನೆಗೆ ಬರೋವಾಗ ಗುಬ್ಬಿ ಬಾವಿ ಎದುರಿಗೇ ನಿಂತಳು. ಚಿಕ್ಕಪ್ಪ ಮುಂದೆ ಹೋದವನು ತಿರುಗಿ ನೋಡಿದ. ಬೀದಿದೀಪ ದೂರದಲ್ಲಿತ್ತು. ಆಲದ ಎಲೆ ಅಲುಗಾಡುತ್ತಿರಲಿಲ್ಲ.

"ನಡಿ ಪುಟ್ಟಾ," ಅಂದ, ಪಿಸುದನೀಲಿ.

"ಇಲ್ಲಿ ಏನಾಯ್ತು ಹೇಳು. ಹೇಳೋವರೆಗೂ ನಾನು ಕದಲಲ್ಲ."

ಅವನು ವಾಪಸು ಬಂದು ಅವಳ ಪಕ್ಕ ನಿಂತ. ಆಮೇಲೆ ಅವಳ ಮುಖ ನೋಡದೆ ಹೇಳಿದ.

"ಆವತ್ತು ಕಾಣೆಯಾಗಿದ್ದ ಮಗು ನೀನೇ ಕಣೇ... ಮೊದಲ ಏಟು ನಂದು."

ಅವನು ಮಾತು ಮುಗಿಸಲಿಲ್ಲ... ದಪ್.

ಅವನ ತಲೆ ಒಂದು ಕಡೆಗೆ ವಾಲಿತು. ಹೊಡೆದವರು ಯಾರೂ ಇಲ್ಲ. ಗುಬ್ಬಿಗೆ ಕಾಣಿಸಿದ್ದು ಕೆನ್ನೆ ಒಡೆದು ರಕ್ತ ಚಿಮ್ಮಿದ್ದು ಮಾತ್ರ. ಎರಡನೇ ಏಟು ಮೊಣಕಾಲಿನ ಹಿಂದೆ ಬಿತ್ತು. ಕುಸಿದ. ಆಮೇಲೆ ಎಲ್ಲ ಕಡೆಯಿಂದ ಬಿತ್ತು... ಬೆನ್ನಿಗೆ, ಪಕ್ಕೆಗೆ, ತಲೆ ಮುಚ್ಚಿಕೊಂಡ ಕೈಗೆ. ಒಂದೊಂದು ಏಟಿನ ಸದ್ದೂ ಬೇರೆ. ಇದು ದೊಣ್ಣೆ, ಇದು ಸರಳು, ಇದು ಬರಿಗಾಲು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. ಅವನ ಬಲಗೈ ಮೊಣಕೈ ಹತ್ತಿರ ಬಾಗಬಾರದ ಕಡೆಗೆ ಬಾಗಿತು... ಲಟಕ್. ಹಲ್ಲೊಂದು ಬಂದು ಗುಬ್ಬಿಯ ಪಾದದ ಹತ್ತಿರ ಬಿತ್ತು. ಸುತ್ತ ಜನ ಮುತ್ತಿಕೊಂಡು ಏದುಸಿರು ಬಿಡೋ ಸದ್ದು. ನೆಲದ ಧೂಳೆಲ್ಲ ಹೆಜ್ಜೆ ಹೆಜ್ಜೆಯಾಗಿ ಏಳುತ್ತಿತ್ತು. ಆದರೆ ಅಲ್ಲಿ ಇದ್ದದ್ದು ಅವರಿಬ್ಬರೇ.

ಅವಳಿಗೆ ಗರ ಬಡಿದ ಹಾಗಾಗಿತ್ತು. ಕಾಲು ಕೀಳೋಕೆ ಆಗುತ್ತಿಲ್ಲ. ಆಗ ಚಿಕ್ಕಪ್ಪನ ಬಾಯಿಂದ ಒಂದು ಮಾತು ಬಂತು. ದನಿ ಅವನದಲ್ಲ. ಫೋನಿನಲ್ಲಿ ಕೇಳಿದ್ದ ದನಿ.

"ನಾನಲ್ಲ..."

ಗುಬ್ಬಿ ಧಡಾರನೆ ಅವನ ಮೇಲೆ ಬಿದ್ದು, ಮೈಗೆ ಮೈ ಅಡ್ಡ ಕೊಟ್ಟು ತಬ್ಬಿಕೊಂಡಳು. ಒಂದು ಏಟು ಅವಳ ಹೆಗಲಿಗೆ ಬಿತ್ತು. ಕಣ್ಣು ಕತ್ತಲೆ ಬಂತು. ಎಲ್ಲಿತ್ತೋ ಗಂಟಲು, ಆ ಬೀದಿಯ ಮನೆಗಳಲ್ಲಿ ಮಲಗಿದ್ದವರೆಲ್ಲ ಎದ್ದು ಕೂರೋ ಹಾಗೆ ಕೂಗಿದಳು.

"ಬಿಡಿ! ಮಗು ಸಿಕ್ತು! ನಾನೇ ಮಗು, ಇಲ್ಲೇ ಇದೀನಿ, ಬಿಡಿ!"

ಏಟು ನಿಂತಿತು.

ಮೊದಲು ಒಬ್ಬ ಹಿಂದೆ ಸರಿದ ಸದ್ದು. ಆಮೇಲೆ ಇನ್ನೊಬ್ಬ. ಠಣ್ ಅಂತ ಸರಳು ಕಲ್ಲಿನ ಮೇಲೆ ಬಿತ್ತು. ಹೆಜ್ಜೆಗಳು ಒಂದೊಂದೇ ಚದುರಿ ಹೋದವು... ಆಮೇಲೆ ಏನೂ ಇಲ್ಲ. ಗುಬ್ಬಿ ಕಣ್ಣು ಮುಚ್ಚಿ ಹಾಗೇ ಬಿದ್ದಿದ್ದಳು. ಕಿವಿ ಹತ್ತಿರ ಯಾರೋ ಕೂತ ಹಾಗಾಯಿತು. ಬಿಸಿ ಇಲ್ಲದ ಉಸಿರು.

"ಮನೇಲೇ ಇತ್ತಾ?" ಅಂತ ಕೇಳಿತು.

"ಹೂಂ," ಅಂದಳು. "ಮಂಚದ ಕೆಳಗೆ ಮಲಗಿತ್ತು."

ಅಷ್ಟು ಕೇಳಿ ಅದು ನಿಟ್ಟುಸಿರು ಬಿಟ್ಟಿತು. ಕೆಲಸ ಮುಗಿಸಿ ಬಂದು ಕೂತವರು ಬಿಡುತ್ತಾರಲ್ಲ, ಹಾಗೆ. ಆಮೇಲೆ ಜನ ದೀಪ ಹಿಡಕೊಂಡು ಓಡಿ ಬಂದರು.

ಚಿಕ್ಕಪ್ಪ ಉಳಿದ. ಆಸ್ಪತ್ರೆ ಮಂಚದ ಮೇಲೆ, ಊದಿದ ತುಟೀಲೇ, ಆವತ್ತಿನದೆಲ್ಲ ಪೊಲೀಸರ ಮುಂದೆ ಹೇಳಿಬಿಟ್ಟ. ಬೇರೆ ಯಾರ ಹೆಸರೂ ಎತ್ತಲಿಲ್ಲ, ತನ್ನದೊಂದೇ. ಬೀದಿಯವರು ದೊಡ್ಡಪ್ಪನ ಮನೆ ಕಡೆ ಮುಖ ಹಾಕೋದು ಬಿಟ್ಟರು. ದೊಡ್ಡಪ್ಪ ತಮ್ಮನ ಹತ್ತಿರ ಮಾತು ಬಿಟ್ಟರು. ಸುದ್ದಿ ಬರೆದದ್ದು ಗುಬ್ಬೀನೇ. ನಿನ್ನ ಮನೆ ಮಾತಲ್ಲವೇನಮ್ಮ, ಯೋಚನೆ ಮಾಡಿದ್ದೀಯಾ ಅಂತ ಸೋಡಾಬುಡ್ಡಿ ಕೇಳಿದರಂತೆ. ಇವಳು ಹೂಂ ಅಂತ ತಲೆ ಆಡಿಸಿದಳು. ಒಂದಕ್ಷರ ತಿದ್ದದೆ ಮೊದಲ ಪುಟಕ್ಕೆ ಹಾಕಿದರು. ಸತ್ತವನ ಹೆಸರು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಆ ಫೋನು ಬರಲಿಲ್ಲ. ರಜೆ ಮುಗೀತು. ಹೊರಡೋ ದಿನ ಅವಳು ಆಸ್ಪತ್ರೆಗೆ ಹೋಗಿ ಚಿಕ್ಕಪ್ಪನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ ಬಂದಳು. ಇಬ್ಬರೂ ಮಾತಾಡಲಿಲ್ಲವಂತೆ. ಆ ಮನುಷ್ಯ ಮಾತಾಡದೆ ಇದ್ದದ್ದನ್ನ ನೋಡೋಕಾಗಲಿಲ್ಲ ಅಂತ ನನ್ನ ಹತ್ತಿರ ಹೇಳಿ ಅತ್ತಳು.

ಇದನ್ನೆಲ್ಲ ಭ್ರಮೆ ಅನ್ನಿ, ಕತ್ತಲಲ್ಲಿ ಯಾರೋ ಬಂದು ಹೊಡೆದು ಓಡಿದರು ಅನ್ನಿ, ಪೊಲೀಸರೂ ಹಾಗೇ ಅಂದರು. ಆದರೆ ಒಂದು ಮಾತು. ಆಸ್ಪತ್ರೇಲಿ ಚಿಕ್ಕಪ್ಪನ ಎಕ್ಸ್‌ರೇ ತೆಗೆದಾಗ ನಾನು ಅಲ್ಲೇ ಇದ್ದೆ. ಡಾಕ್ಟರು ಫಿಲ್ಮನ್ನ ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೈಮೇಲಿನ ಗಾಯ ಎಲ್ಲ ಹೊಸದು, ರಕ್ತ ಇನ್ನೂ ಜಿನುಗುತ್ತಿತ್ತು. ಒಳಗೆ ಕೈ ಮೂಳೆ, ಪಕ್ಕೆ ಮೂಳೆ ಮುರಿದಿದ್ದವು... ಮುರಿದು, ಸೊಟ್ಟಕ್ಕೇ ಕೂಡಿಕೊಂಡಿದ್ದವು.

"ಇದು ಎಷ್ಟೋ ವರ್ಷದ ಹಿಂದೆ ಮುರಿದದ್ದು," ಅಂದರು ಡಾಕ್ಟರು. "ಆವಾಗ ಯಾರ ಹತ್ರ ತೋರಿಸಿದ್ರಿ?"

ಅವನು ಅದುವರೆಗೆ ಬಿದ್ದು ಮಂಡಿ ಕೂಡ ತರಚಿಸಿಕೊಂಡವನಲ್ಲ. ಆ ಫಿಲ್ಮ್ ನಾನು ಕಣ್ಣಾರೆ ನೋಡಿದೀನಿ.