ಗೆದ್ದ ಮೂರನೆಯ ದಿನ

ಮಾಲೀಕರಾದ ಚನ್ನವೀರಪ್ಪನವರೇ, ಮುಂದಿನ ಸಾಲಿನಲ್ಲಿರುವ ಸಿದ್ದಲಿಂಗಯ್ಯನವರ ಶ್ರೀಮತಿ ಕಮಲಮ್ಮನವರೇ, ಮಗಳು ಸೌಮ್ಯಾ, ತಾಯಿ ರುದ್ರಮ್ಮನವರೇ, ಪೀಣ್ಯದ ಅಕ್ಕಪಕ್ಕದ ಶೆಡ್ಡುಗಳಿಂದ ಊಟದ ಬಿಡುವಿನಲ್ಲಿ ಬಂದಿರುವ ಗೆಳೆಯರೇ — ಎಲ್ಲರಿಗೂ ನಮಸ್ಕಾರ.

ನಾನು ಹನುಮಂತರಾಯಪ್ಪ, ಲೇತ್ ವಿಭಾಗದ ಫೋರ್‌ಮನ್. ಸಿದ್ದಲಿಂಗಯ್ಯನವರ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವನು. ಸೈನ್ಯದಿಂದ ನಿವೃತ್ತರಾಗಿ ಬಂದ ಅವರು ನಮ್ಮ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಡ್ರಿಲ್ ಬಿಟ್ ಮುರಿದು ತಂದರೆ ಬಯ್ಯುತ್ತಿರಲಿಲ್ಲ — ಹೀಗೆ, ಬೆಳಕಿಗೆ ಹಿಡಿದು ನೋಡಿ, "ಕೈಗೇನೂ ಆಗಿಲ್ಲ ತಾನೆ?" ಎನ್ನುತ್ತಿದ್ದರು. ಮೊದಲು ಕೈ. ಆಮೇಲೆ ಬಿಟ್.

ಈ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಲು ನನ್ನನ್ನು ಕರೆದಿದ್ದೀರಿ. ಆದರೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ತಿಂಗಳು ಕಾರ್ಗಿಲ್‌ನಲ್ಲಿ ಗೆದ್ದ ಸುದ್ದಿ ಬಂದಾಗ ಇದೇ ಜಾಗದಲ್ಲಿ ಮೈಸೂರು ಪಾಕ್ ಹಂಚಿದೆವು. ಸಿದ್ದಲಿಂಗಯ್ಯನವರು ತೆಗೆದುಕೊಳ್ಳಲಿಲ್ಲ. ಎಲ್ಲರ ಎದುರಿಗೆ ನಾನು ಕೇಳಿಬಿಟ್ಟೆ — "ಏನ್ರೀ, ಮಿಲಿಟ್ರಿಯವರಾಗಿ ಗೆದ್ದಿದ್ದಕ್ಕೆ ಖುಷಿ ಇಲ್ವಾ? ಯಾವ ದೇಶದವರ್ರೀ ನೀವು?"

ಕೆಲವರು ನಕ್ಕರು. ಅವರು ಸ್ಟೋರ್‌ಗೆ ಹೋದರು. ಸಂಜೆ ನಾನೇ ಹೋದೆ — ಜಗಳ ಮುಂದುವರಿಸಲು ಹೋದೆ, ಸುಳ್ಳು ಹೇಳುವುದಿಲ್ಲ. ಅವರು ಸ್ಟೂಲ್ ಎಳೆದು ಕೂರಿಸಿದರು. ಆಗ ಹೇಳಿದ್ದು ಇದು.

ಎಪ್ಪತ್ತೊಂದರ ಯುದ್ಧದಲ್ಲಿ ಅವರೂ ಶೇಖರಪ್ಪ ಎಂಬುವವರೂ ಒಂದೇ ತುಕಡಿಯಲ್ಲಿದ್ದರು. ಚಳ್ಳಕೆರೆ ಹತ್ತಿರದ ಒಂದೇ ಊರಿನವರು. ಯುದ್ಧ ಮುಗಿಯಿತು, ನಾವು ಗೆದ್ದೆವು ಎಂದು ರೇಡಿಯೋ ಹೇಳಿತು. ಇಬ್ಬರೂ ತಬ್ಬಿಕೊಂಡು ಕುಣಿದರು. ಮೂರನೆಯ ದಿನ — ಗೆದ್ದ ಮೂರನೆಯ ದಿನ — ನೀರು ತರಲು ಹೋದ ಶೇಖರಪ್ಪ ನೆಲಬಾಂಬಿನ ಮೇಲೆ ಕಾಲಿಟ್ಟರು. ಅದನ್ನು ಹೂತವರು ಶತ್ರುಗಳೋ ನಮ್ಮವರೋ, ಕೊನೆಗೂ ತಿಳಿಯಲಿಲ್ಲ.

ರಜೆ ಸಿಕ್ಕಿದಾಗ ಸಿದ್ದಲಿಂಗಯ್ಯನವರು ಶೇಖರಪ್ಪನವರ ಮನೆಗೆ ಹೋದರು. ಆ ತಾಯಿ ಕೇಳಿದರಂತೆ — "ಗೆದ್ವಿ ಅಂತ ಊರಾಗೆಲ್ಲ ಸಕ್ರೆ ಹಂಚಿದ್ರು. ಮಗ ಉಳಕಂಡ ಅಂತ ನಾನೂ ಬಾಯಿಗೆ ಹಾಕ್ಕಂಡೆ. ಆಮ್ಯಾಲೆ ತಂತಿ ಬಂತು. ಗೆದ್ದ ಮ್ಯಾಲೆ ಹೆಂಗಪ್ಪ ಸತ್ತ?"

ಸೈನ್ಯ ಬಿಟ್ಟು ಬಂದ ವಾರವೇ ಸಿದ್ದಲಿಂಗಯ್ಯನವರು ಒಂಟಿಯಾಗಿದ್ದ ಆ ತಾಯಿಯನ್ನು ತಮ್ಮ ಮನೆಗೆ ಕರೆತಂದರು. ಇಲ್ಲಿ ಕುಳಿತಿರುವ ರುದ್ರಮ್ಮನವರು — ಸಿದ್ದಲಿಂಗಯ್ಯನವರ ಹೆತ್ತ ತಾಯಿ ಎಂದೇ ನಾವೆಲ್ಲ ತಿಳಿದಿದ್ದೆವು — ಶೇಖರಪ್ಪನವರ ತಾಯಿ.

"ಹಾಗಾದ್ರೆ ನಾವು ಸೋತ್ವಿ ಅಂತೀರಾ?" ಎಂದೆ ನಾನು.

"ಛೆ, ಇಲ್ಲಪ್ಪ. ಗೆದ್ವಿ. ಅದು ಸುಳ್ಳಲ್ಲ. ಆದ್ರೆ ಇಪ್ಪತ್ತೆಂಟು ವರ್ಷ ಆಯ್ತು, ಅಮ್ಮನ ಮುಂದೆ ಆ ಮಾತು ಆಡೋಕೆ ನಂಗಿನ್ನೂ ಬಾಯಿ ಬರಲ್ಲ."

ನಾನು ಎದ್ದು ಬಂದೆ. ಕ್ಷಮಿಸಿ ಎನ್ನಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ — ಹನ್ನೆರಡು ದಿನ, ನಾಳೆ ಎಂದುಕೊಂಡೆ. ಹದಿಮೂರನೆಯ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವವರೆಗೂ ಉಳಿಯಲಿಲ್ಲ.

ಗೆಳೆಯರೇ, ಗೆಲುವು ಯಾವುದು, ಸೋಲು ಯಾವುದು — ಎಲ್ಲ ಗೊತ್ತಿದ್ದವನ ಹಾಗೆ ಅಂದು ಕೂಗಾಡಿದೆ. ನನಗೆ ಗೊತ್ತಿಲ್ಲ. ಆ ಮಾತನ್ನು ನಿಮ್ಮೆಲ್ಲರ ಎದುರಿಗೆ ಆಡಿದ್ದೆ, ನಿಮ್ಮೆಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಮಲಮ್ಮನವರೇ, ಸೌಮ್ಯಾ — ಕ್ಷಮಿಸಿ.

ಎರಡನೆಯ ಸಲ ಮಗನನ್ನು ಕಳೆದುಕೊಂಡ ತಾಯಿ ನಮ್ಮ ನಡುವೆ ಇದ್ದಾರೆ. ಸಿದ್ದಲಿಂಗಯ್ಯನವರಿಗಾಗಿ ಎಲ್ಲರೂ ದಯವಿಟ್ಟು ಎದ್ದು ನಿಂತು, ಎರಡು ನಿಮಿಷ ಮೌನವಾಗಿರೋಣ.

ರುದ್ರಮ್ಮನವರೇ — ಬೇಡಮ್ಮ, ನೀವು ಏಳಬೇಡಿ. ನೀವು ಕೂತಿರಿ. ನಾವು ನಿಲ್ಲುತ್ತೇವೆ.