ಕುಡಿಯದವನ ಲಿವರ್

ಪೆರು ದೇಶದ ಆಂದಾವಾಯ್ಲಾಸ್ ಊರಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಮುಂದೆ ಸರದಿಗಾಗಿ ಕೂತಿದ್ದ ಬಾಸಿಲಿಯಾಳಿಗೆ ಪಕ್ಕದ ಬೆಂಚಿನ ಅಕ್ಕ ತಮ್ಮನ ಮಾತು ಕಿವಿಗೆ ಬೀಳುತ್ತಿತ್ತು. ಅಕ್ಕನ ಕೈಯಲ್ಲಿ ರಕ್ತಪರೀಕ್ಷೆಯ ವರದಿಯಿತ್ತು.

“ಡಾಕ್ಟ್ರು ಏನಂದ್ರಕ್ಕ?”

“ಒಂದು ಜೀನ್ ಬೇರೆ ಥರ ಇದೆಯಂತೆ. ಅದರಿಂದ ಲಿವರಲ್ಲಿ ಕೊಬ್ಬು ಸೇರ್ಕೊಳತ್ತಂತೆ. ನಂಗೆ ಅಪ್ಪನಿಂದಲೂ ಬಂದಿದೆ, ಅಮ್ಮನಿಂದಲೂ ಬಂದಿದೆ. ಅಂಥವರಿಗೆ ಕ್ಯಾನ್ಸರ್ ಭಯ ಜಾಸ್ತಿಯಂತೆ.”

“ಹಂಗಂದ್ರೆ ಬಂದೇ ಬರತ್ತಾ?”

“ಬರಲೇಬೇಕು ಅಂತಿಲ್ಲ. ಆರು ತಿಂಗಳಿಗೊಂದ್ಸಲ ಸ್ಕ್ಯಾನ್ ಮಾಡಿಸ್ತಿರು ಅಂದ್ರು.”

“ನೀನು ಜೋಳದ ಹೆಂಡ ಚಿಚಾನ ಮೂಸಿ ಕೂಡ ನೋಡಿದೋಳಲ್ಲ.”

“ಕುಡೀದೇ ಇದ್ರೂ ಬರಬಹುದಂತೆ ಕಣೋ ನಿಕಾನೋರ್. ಲಿವರ್ ಕ್ಯಾನ್ಸರಲ್ಲಿ ಮಲಗಿದಾಗ ಅಪ್ಪನೂ ಅದನ್ನೇ ಹೇಳ್ತಿದ್ದ, ನಾನು ಕುಡಿದೋನಲ್ಲ ಅಂತ.”

ತಮ್ಮ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಕದ್ದು ಕುಡೀತಾನೆ ಅಂತ ಊರವರ ಮುಂದೇನೇ ಬೈದೆ ನಾನು. ಕೊನೇ ತಿಂಗಳು ಮಾತೂ ಆಡ್ಲಿಲ್ಲ.”

“ಗೊತ್ತು.”

“ನನ್ನ ಬಗ್ಗೆ ಏನಂತಿದ್ದ?”

“ಏನೂ ಅಂತಿರ್ಲಿಲ್ಲ. ನಿನ್ನ ಆಲೂಗಡ್ಡೆ ಹೊಲಕ್ಕೆ ನೀರು ಬಂತಾ ಅಂತ ಕೇಳ್ತಿದ್ದ.”

ತಮ್ಮ ಅಕ್ಕನ ಕೈಯಲ್ಲಿದ್ದ ವರದಿಯ ಕಡೆ ನೋಡಿದ.

“ನಂಗೂ ಆ ಜೀನ್ ಇರಬಹುದಾ, ಅಕ್ಕ?”

“ಇರಬಹುದು, ಇಲ್ಲದೇನೂ ಇರಬಹುದು. ಇಲ್ಲೀವರೆಗೂ ಬಂದಿದೀಯ, ರಕ್ತ ಕೊಟ್ಟೇ ಹೋಗು.”

“ನೋಡೋಣ.”

ನರ್ಸ್ ಹೆಸರು ಕೂಗಿದಳು. ಅಕ್ಕ ಒಳಗೆ ಹೋದಳು. ನಿಕಾನೋರ್ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದು, ಕೊನೆಗೆ ಎದ್ದು ಬಾಸಿಲಿಯಾಳ ಕಡೆ ತಿರುಗಿದ.

“ರಕ್ತ ಎಲ್ಲಿ ತಗೋತಾರೆ, ತಾಯಿ?”

ಅವಳು ಮೊಗಸಾಲೆಯ ತುದಿಯ ಬಾಗಿಲು ತೋರಿಸಿದಳು. ಅವನು ಅಂಗಿಯ ತೋಳು ಮಡಚಿಕೊಳ್ಳುತ್ತ ಆ ಕಡೆ ನಡೆದ.