ಪ್ಲಾಟಿಪಸ್ ಸಿಕ್ಕ ಬಲೆ

ಅಲ್ಲ ಐಲ್ಸಾ, ನಾನು ಹೇಳೋದು ಸ್ವಲ್ಪ ಕೇಳು... ಸೇತುವೆ ಹತ್ರ ಟೆಂಟ್ ಹಾಕಿದ್ರಲ್ಲ ಪೇಟೆಯವರು, ಅವರದೇ ಕೆಲಸ ಇದು. ಕ್ರಿಸ್‌ಮಸ್ ರಜೆ ಅಂತ ಬರ್ತಾರೆ, ಸಿಗಡಿ ಹಿಡೀತಾರೆ, ಬಲೆ ತೊರೇಲೇ ಬಿಟ್ಟು ಹೋಗ್ತಾರೆ. ನಾನು ಹಾಲು ಕರೆದು ಈಗಷ್ಟೇ ಬಂದೆ. ಪ್ಲಾಟಿಪಸ್ ಎಣಿಸೋಕೆ ಬಂದವಳು ನೀನು ಬಲೆ ಎಳೆದಿದ್ದು ನೋಡಿದೆ, ಒಳಗೆ ಇದು ಸತ್ತು ಬಿದ್ದಿದ್ದೂ ನೋಡಿದೆ.

ಈ ಮುಚ್ಚಿದ ಬಲೆನೇ ಹಾಗೆ. ಪ್ಲಾಟಿಪಸ್ ಸಿಗಡಿ ಆಸೆಗೆ ಒಳಗೆ ನುಗ್ಗುತ್ತೆ, ಹೊರಗೆ ಬರೋ ದಾರಿ ಸಿಗಲ್ಲ. ಬಾತುಕೋಳಿ ಥರ ಕೊಕ್ಕು ಇಟ್ಕೊಂಡು ನೀರಲ್ಲಿ ಈಜಿದ್ರೂ ಅದೇನು ಮೀನಲ್ಲವಲ್ಲ, ನಮ್ಮ ಹಾಗೇ ಉಸಿರಾಡ್ಬೇಕು. ಮೇಲೆ ಬರೋಕಾಗ್ದಿದ್ರೆ ಕೆಲವೇ ನಿಮಿಷ... ಯಾಕೆ ನಗ್ತೀಯ? ಹೌದು, ಇದನ್ನ ನನಗೆ ಕಲಿಸಿದ್ದೇ ನೀನು. ನಿನಗೇ ಪಾಠ ಹೇಳ್ತಿದೀನಿ. ಗಾಬರಿ ಕಣೇ, ಏನು ಮಾಡ್ಲಿ?

ಈ ಲಿಂಡ್ಸೆ ಇಂಥ ಬಲೆ ಹಾಕ್ತಾನಾ, ನೀನೇ ಹೇಳು? ತೊರೆ ಉಳಿಸೋ ಸಂಘದ ಅಧ್ಯಕ್ಷ ನಾನು! ದನ ನೀರಿಗಿಳಿದು ದಡ ತುಳೀಬಾರ್ದು ಅಂತ ನನ್ನ ಹುಲ್ಲುಗಾವಲಿನ ಉದ್ದಕ್ಕೂ ಬೇಲಿ ಹಾಕಿಸಿದೆ. ಮನೆಮನೆಗೆ ಹೋಗಿ ಹಳೇ ಬಲೆ ಇಸ್ಕೊಂಡು, ಮೇಲೆ ಬಾಯಿ ತೆರೆದಿರೋ ಹೊಸದು ಕೊಟ್ಟೆ. ಹಳೇದೆಲ್ಲಾ ಕತ್ತರಿಸಿ ಹಾಕಿದೆ. ಎಲ್ಲಾ.

ಯಾಕೆ ಆ ಅಂಚು ಸವರ್ತಿದೀಯ? ಕೊಳಕು ಅದು, ಬಿಡು... ನೀಲಿ ದಾರದ ಗಂಟು. ಅದಕ್ಕೇನೀಗ? ಮೂರು ಸುತ್ತು ಸುತ್ತಿ ಯಾರು ಬೇಕಾದ್ರೂ ಕಟ್ತಾರೆ... ನಿನ್ನ ಗಂಡ ಗಾರ್ಡನ್ ಒಬ್ಬನೇನಾ ಹಾಗೆ ಕಟ್ತಿದ್ದಿದ್ದು?

ಬೈಯಿ ಐಲ್ಸಾ.

...ಹೂಂ. ಬಲೆ ಅವನದೇ. ಅವನು ತೀರಿಕೊಂಡ ಮೇಲೆ ನೀನೇ ನನ್ನ ಕೈಗೆ ಕೊಟ್ಟೆ, 'ಮೊದಲು ಇದನ್ನೇ ಕತ್ತರಿಸು' ಅಂದೆ. ಕತ್ತರಿಸಲಿಲ್ಲ. ಮೊನ್ನೆ ಮೊಮ್ಮಕ್ಕಳು ಬಂದ್ರು. ಹೊಸ ಬಲೆಯಿಂದ ಸಿಗಡಿ ಎಲ್ಲಾ ಹತ್ತಿ ಓಡಿಹೋದ್ವು. 'ಅಜ್ಜನಿಗೆ ಹಿಡಿಯೋಕೇ ಬರಲ್ಲ' ಅಂತ ಬಿದ್ದು ಬಿದ್ದು ನಕ್ಕರು. ಒಂದೇ ಒಂದು ಸಲ ಈ ಹಳೇದು ಹಾಕೋಣ ಅಂದ್ಕೊಂಡೆ... ಆಮೇಲೆ ಊಟ, ಟೀವೀಲಿ ಕ್ರಿಕೆಟ್ಟು... ಎತ್ತೋದು ಮರೆತೇಬಿಟ್ಟೆ. ಅಷ್ಟೇ ಐಲ್ಸಾ. ಅದಕ್ಕಿಂತ ಹೆಚ್ಚೇನಿಲ್ಲ.

ಅದರ ಹೊಟ್ಟೆ ಯಾಕೆ ಒತ್ತಿ ನೋಡ್ತೀಯ? ಒದ್ದೆ ಅಷ್ಟೇ, ತೊರೆ ನೀರು ಅದು... ಅಲ್ಲ. ಬೆಳ್ಳಗಿದೆ. ಹಾಲು.

ಅಯ್ಯೋ... ಹಂಗಾದ್ರೆ ಬಿಲದಲ್ಲಿ ಮರಿ ಇವೆ. ಹಸಿದು ಕಾಯ್ತಿರುತ್ವೆ. ಹುಡುಕ್ತೀಯಾ? ಎಲ್ಲಿ ಅಂತ ಹುಡುಕ್ತೀಯ? ಮೂರು ಕಿಲೋಮೀಟರ್ ದಡ, ಬಿಲದ ಬಾಯಿಗೆ ಮಣ್ಣು ಮೆತ್ತಿರುತ್ತೆ, ಕಣ್ಣಿಗೇ ಬೀಳಲ್ಲ. ನಾಳೆವರೆಗೂ ಹುಡುಕಿದ್ರೂ... ಐಲ್ಸಾ, ನಿಲ್ಲು! ಆ ಕಡೆ ಅಲ್ಲ.

ಈ ಕಡೆ. ಬಾಗಿದ ವಾಟಲ್ ಮರದ ಬೇರಿನ ಅಡಿ.

ಹಾಗೆ ನೋಡ್ಬೇಡ ನನ್ನ... ಹೂಂ, ಗೊತ್ತಿತ್ತು. ಮೂರು ವಾರದಿಂದ ಗೊತ್ತಿತ್ತು. ಬೆಳಗಾದ್ರೆ ಅದು ಒಳಗೆ ಹೋಗೋದನ್ನ ನೋಡ್ತಿದ್ದೆ. ನಿನಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಅಲ್ಲೇ ಕಾವಲು ಕೂತ್ಬಿಡ್ತಿದ್ದೆ, ನಾನು ಬಲೆ ಇಳಿಸೋ ಹಾಗೇ ಇರ್ತಿರಲಿಲ್ಲ...

ಸಿಗಡಿ ಜಾಸ್ತಿ ಇರೋದೂ ಅಲ್ಲೇ.